ಇಟಲಿ ಅಕ್ಕೋರ ಹುಕುಂ ಪಾಠ

ಅಕ್ಕೋರು ಶಾಂತ ಸ್ವಭಾವದವರಾಗಿದ್ದರು ಎಂದು ಫ್ಲೆಕ್ಸಿನ ಮೇಲೆ ಬರೆಸಿದ್ದಾರೆ. ಜೇವರ್ಗಿ ಬಸ್ ಸ್ಟ್ಯಾಂಡಿನ ಎದುರಿಗೆ ಕಟ್ಟಿದ್ದಾರೆ, ಬೇಕಾದವರು ಹೋಗಿ ಓದಬಹುದು. ಸುಳ್ಳು. ಎಲ್ಲರಿಗೂ ಬೇಕಾದವರಾಗಿದ್ದರು ಎಂದೂ ಬರೆದಿದೆ. ಅದೂ ಸುಳ್ಳು. ಅವರು ಬದುಕಿದ್ದಾಗ ಅವರನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದವರೇ ಈಗ ಆ ಫ್ಲೆಕ್ಸಿನ ಕೆಳಗಡೆ ಫೋಟೋದಲ್ಲಿ ಕೈ ಮುಗಿದುಕೊಂಡು ಸಾಲಾಗಿ ನಿಂತಿದ್ದಾರೆ. ಅಕ್ಕೋರು ಜಗಳಗಂಟಿ. ಹಟಮಾರಿ. ನಾನು ಅವರ ಬಗ್ಗೆ ಒಳ್ಳೆಯದನ್ನೇ ಹೇಳುತ್ತಿದ್ದೇನೆ.

ಅವರು ನಮಗೆ ಇಟಾಲಿಯನ್ ಕಲಿಸುತ್ತಿದ್ದರು. ಜೇವರ್ಗಿಯಲ್ಲಿ ಇಟಾಲಿಯನ್ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಆ ದೇಶದ ಆಸ್ಪತ್ರೆಗಳಿಗೆ ನರ್ಸುಗಳು ಬೇಕು, ನಮ್ಮ ಕಡೆ ನರ್ಸಿಂಗ್ ಮುಗಿಸಿದ ಹುಡುಗಿಯರು ಬೇಕಾದಷ್ಟಿದ್ದಾರೆ, ಹೋಗಬೇಕಾದರೆ ಆ ಭಾಷೆಯಲ್ಲಿ ಪರೀಕ್ಷೆ ಪಾಸಾಗಬೇಕು. ಅಷ್ಟೇ ವಿಷಯ. ಅಕ್ಕೋರು ಇದೇ ತಾಲೂಕಿನ ಇಜೇರಿಯವರು. ಸಣ್ಣವರಿದ್ದಾಗ ಕ್ರಿಶ್ಚಿಯನ್ ಸಿಸ್ಟರ್‌ಗಳ ಬೋರ್ಡಿಂಗಿನಲ್ಲಿ ಬೆಳೆದರು. ಸಿಸ್ಟರ್‌ಗಳು ಅವರನ್ನು ಅಡುಗೆ ಕೆಲಸಕ್ಕೆಂದು ಇಟಲಿಗೆ ಕರೆದುಕೊಂಡು ಹೋದರು. ಅಲ್ಲಿ ಅಡುಗೆಮನೆ ಬಿಟ್ಟು, ಮನೆಗಳಲ್ಲಿ ಹಾಸಿಗೆ ಹಿಡಿದ ಮುದುಕ ಮುದುಕಿಯರನ್ನು ನೋಡಿಕೊಳ್ಳುವ ಕೆಲಸ ಹಿಡಿದರು. ಮೊಣಕಾಲು ಕೈಕೊಟ್ಟ ಮೇಲೆ ವಾಪಸ್ ಬಂದರು. ಮದುವೆ ಆಗಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ, ಕೇಳಿದವರಿಗೆ ಸಿಕ್ಕ ಉತ್ತರ ನನಗೆ ಗೊತ್ತಿತ್ತು.

ಕಾಟನ್ ಸೀರೆಯ ಕೆಳಗೆ ಕಾಲುಚೀಲ ಹಾಕಿ ಕಪ್ಪು ಬೂಟು ಹಾಕುತ್ತಿದ್ದರು. ನಮ್ಮ ಬೇಸಿಗೆಯಲ್ಲೂ. ಒಮ್ಮೆ ನಾನು, "ಕಾಲ ಬೇಯಂಗಿಲ್ಲೇನ್ರಿ ಅಕ್ಕೋರ?" ಎಂದೆ.

"ಕಾಲ ನಂದು. ನಿಂಗ್ಯಾಕ ಕಾವು?" ಎಂದರು.

ನಾನು ಟಂಟಂ ಓಡಿಸುತ್ತೇನೆ, ಮಂದಿ ತುಂಬಿಕೊಂಡು ಹೋಗುವ ಮೂರು ಗಾಲಿಯ ಗಾಡಿ. ಊರು ಸರಸಂಬಾ, ಈಗ ಜೇವರ್ಗಿಯಲ್ಲಿ ಅತ್ತೆಯ ಮನೆಯಲ್ಲಿದ್ದೇನೆ. ಆಯ್ತಾರ, ಎಂದರೆ ಭಾನುವಾರಕ್ಕೊಮ್ಮೆ, ಅಕ್ಕೋರನ್ನು ಮನೆಯಿಂದ ಪಾಠದ ರೂಮಿಗೆ ಬಿಟ್ಟು, ಮುಗಿದ ಮೇಲೆ ವಾಪಸ್ ಬಿಡುವುದು ನನ್ನ ಕೆಲಸವಾಗಿತ್ತು. ರೂಮು ಒಬ್ಬ ತೊಗರಿ ಸಾವಕಾರರ ಗೋದಾಮಿನ ಮೇಲಿತ್ತು. ಒಂದು ಆಯ್ತಾರ ನಾನು ಕೆಳಗೆ ಗಾಡಿಯಲ್ಲಿ ಮಲಗಿದ್ದೆ. ಮೇಲಿನ ಕಿಟಕಿಯಿಂದ ಕೂಗಿದರು.

"ಏ ಟಂಟಂ, ಮ್ಯಾಲ ಬಾ. ಒಬ್ಬರು ಕಮ್ಮಿ ಅದಾರ."

"ನಾ ಒಂಬತ್ತನೇತ್ತ ಫೇಲ್ ಅದೀನ್ರಿ."

"ಇಟಾಲಿಯನ್ನಾಗ ಫೇಲ್ ಆಗೀಯೇನು?"

"ಇಲ್ರಿ."

"ಹಂಗಾದ್ರ ಬಂದು ಕೂಡು."

ಹೀಗೆ ನಾನು ಸೇರಿದೆ. ನನ್ನ ಜಾತಿ ಯಾವುದು ಎಂದು ಇಲ್ಲಿ ಬರೆಯುವುದಿಲ್ಲ. ಅವರು ಕೇಳಲಿಲ್ಲ.

ಅವರು ಪಾಠ ಮಾಡುವ ರೀತಿಯೇ ಬೇರೆ. ಬೆಂಚು ಇಲ್ಲ. ಆರು ಮಂದಿ ನೆಲದ ಮೇಲೆ ದುಂಡಗೆ ಕೂಡಬೇಕು. ಒಬ್ಬರು ನಾನು, ಒಬ್ಬರು ನೀನು, ಒಬ್ಬರು ಅಂವ, ಒಬ್ಬರು ನಾವು, ಒಬ್ಬರು ನೀವು, ಒಬ್ಬರು ಅವರು. ಅಕ್ಕೋರು ನಡುವೆ ಸ್ಟೂಲ್ ಮೇಲೆ ಕೂತು, ಸಂಜೆಯ ಪಲ್ಯಕ್ಕೆಂದು ತಂದ ಚವಳಿಕಾಯಿಯನ್ನು ಮಡಿಲಲ್ಲಿ ಹಾಕಿಕೊಂಡು ಮುರಿಯುತ್ತಿದ್ದರು. ಒಂದು ಕ್ರಿಯಾಪದ ಹೇಳುತ್ತಿದ್ದರು. "ಪಾರ್ಲಾರೆ. ಮಾತಾಡೂದು." ಚವಳಿಕಾಯಿಯ ತುದಿಯನ್ನು ಪಟಕ್ಕನೆ ಮುರಿದು, "ಆರೆ ಹೋತು. ಉಳಿದದ್ದು ಪಾರ್ಲ್. ಈಗ ನಿಮ್ಮ ನಿಮ್ಮ ಬಾಲ ಹಚ್ರಿ," ಎನ್ನುತ್ತಿದ್ದರು. ಸುತ್ತು ಓಡಬೇಕು. ಪಾರ್ಲೊ, ಪಾರ್ಲಿ, ಪಾರ್ಲಾ, ಪಾರ್ಲಿಯಾಮೊ, ಪಾರ್ಲಾತೆ, ಪಾರ್ಲನೊ. ಯಾರಾದರೂ ತಡವರಿಸಿದರೆ ಮುರಿದ ತುದಿ ಅವರ ಹಣೆಗೆ ಬಂದು ಬೀಳುತ್ತಿತ್ತು.

ನನಗೆ ಮೊದಲ ದಿನವೇ ಹೊಳೆದದ್ದು ಏನೆಂದರೆ, ಇದು ನಮ್ಮದೇ ರೀತಿ. ಮಾತಾಡ್ತೇನಿ, ಮಾತಾಡ್ತಿ, ಮಾತಾಡ್ತಾನ, ಮಾತಾಡ್ತೇವಿ, ಮಾತಾಡ್ತೀರಿ, ಮಾತಾಡ್ತಾರ. ಬಾಲ ನೋಡಿದರೆ ಆಳು ಯಾರು ಎಂದು ಗೊತ್ತಾಗುತ್ತದೆ. ನಾನು ಎಂದು ಬೇರೆ ಹೇಳಬೇಕಾಗಿಲ್ಲ. ಶಾಲೆಯಲ್ಲಿ ಇಂಗ್ಲಿಷ್ ಮಾಸ್ತರ 'ಐ' ಬಿಟ್ಟೆ ಎಂದು ನನಗೆ ಹೊಡೆದದ್ದಕ್ಕೆ ಲೆಕ್ಕವಿಲ್ಲ. ಇಲ್ಲಿ ಬಿಟ್ಟರೆ ಶಾಭಾಸ್ ಎಂದರು. ಅದನ್ನು ಅಕ್ಕೋರಿಗೆ ಹೇಳಿದೆ. "ಅವನು ನಿನ್ನ ಭಾಷಾನೂ ಓದಿರ್ಲಿಲ್ಲ, ತನ್ನದೂ ಓದಿರ್ಲಿಲ್ಲ," ಎಂದರು.

ನನಗೆ ಕೊಟ್ಟದ್ದು 'ಅವರು' ಜಾಗ. ನಾನ್ಯಾಕೆ ಅವರು ಎಂದು ಕೇಳಿದೆ.

"ಊರ ಮಂದಿ ನಿನಗ ಏನಂತಾರ? ಅವ್ರು, ಆ ಟಂಟಂ ಓಡ್ಸವ್ರು. ಅನ್ನೂದು ಅಂತಾರ, ನಿನ್ನ ಬಾಯಿಂದ ಏನೂ ಕೇಳಂಗಿಲ್ಲ. ಈಗ ಅದೇ ಜಾಗದಾಗ ಕುಂತು ಬಾಯಿ ಬಿಡು."

ಕಡಗಂಚಿ ಯೂನಿವರ್ಸಿಟಿಯಲ್ಲಿ ಓದುವ ಒಬ್ಬ ಹುಡುಗ ಇದ್ದ. ತನ್ನ ಬಗ್ಗೆ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಅವನಿಗೆ 'ನಾನು' ಕೊಟ್ಟಿದ್ದರು. ಅಫಜಲಪುರದಿಂದ ಇಬ್ಬರು ನರ್ಸುಗಳು ಜೊತೆಯಾಗಿ ಬರುತ್ತಿದ್ದರು, ಜೊತೆಯಾಗಿ ಹೋಗುತ್ತಿದ್ದರು, ಒಬ್ಬಳು ತಪ್ಪಿದರೆ ಇನ್ನೊಬ್ಬಳೂ ತಪ್ಪುತ್ತಿದ್ದಳು. ಅವರಿಗೆ 'ನಾವು', 'ನೀವು'. ಇನ್ನಿಬ್ಬರು ಸುಜಾತಾ ಮತ್ತು ಶರಣು. ಸುಜಾತಾ ಜೇವರ್ಗಿಯವಳೇ, ಬುದ್ಧ ವಿಹಾರದ ಹಿಂದಿನ ಓಣಿ. ನರ್ಸಿಂಗ್ ಮುಗಿಸಿದ್ದಳು. ಅವಳ ಮನೆಯಲ್ಲಿ ಆ ಒಂದು ವರ್ಷ ಮಾತ್ರ ಕಾಯುತ್ತೇವೆ ಎಂದಿದ್ದರು. ಪರೀಕ್ಷೆ ಪಾಸಾದರೆ ಇಟಲಿ, ಇಲ್ಲದಿದ್ದರೆ ಮದುವೆ. ಶರಣು ರೂಮಿನ ಮಾಲೀಕ ಸಾವಕಾರರ ಮಗ. ಇಟಲಿಗೆ ಓದಲು ಹೋಗಬೇಕೆಂದಿದ್ದ. ಅವನಿಗೆ 'ನೀನು', ಅವಳಿಗೆ 'ಅಂವ'. ಇಟಲಿಯಲ್ಲಿ ಅಂವ, ಅಕಿ ಇಬ್ಬರಿಗೂ ಒಂದೇ ಬಾಲ. ಅದು ಸುಜಾತಾಗೆ ಬಹಳ ಸೇರಿತು.

ಎಲ್ಲರೂ ಮಾಡಿದ ಒಂದು ತಪ್ಪು ಇತ್ತು. ಅಪ್ಪ ಮಾತಾಡುತ್ತಾನೆ ಎಂದು ನಾವು ಅನ್ನುತ್ತೇವೆಯೇ? ಇಲ್ಲ, ಮಾತಾಡ್ತಾರ ಎನ್ನುತ್ತೇವೆ. ಕಡಗಂಚಿ ಹುಡುಗ ಇಟಾಲಿಯನ್ನಿನಲ್ಲೂ ನಮ್ಮಪ್ಪ ಪಾರ್ಲನೊ ಎಂದ.

"ಎಷ್ಟ ಮಂದಿ ಅದಾರಪಾ ನಿಮ್ಮಪ್ಪ?" ಎಂದರು ಅಕ್ಕೋರು.

ನಾವು ನಕ್ಕೆವು. ಅವನು ಕೆಂಪಾದ. ಮುಂದಿನ ಸುತ್ತಿನಲ್ಲಿ ಅಫಜಲಪುರದವಳೊಬ್ಬಳು ನಮ್ಮವ್ವ ಪ್ರೆಂದೊನೊ, ತಗೊಳ್ತಾರ, ಎಂದಳು. ಆಮೇಲೆ ನಾನು. ನಮ್ಮ ಅಪ್ಪ ಅವ್ವಂದಿರು ಎರಡು ತಿಂಗಳು ಗುಂಪು ಗುಂಪಾಗಿಯೇ ಓಡಾಡಿದರು. ಅಕ್ಕೋರು ಬಯ್ಯಲಿಲ್ಲ. "ಮರ್ಯಾದಿ ಜಾಸ್ತಿ ಆಗ್ಯದ ನಿಮ್ಗ. ಅಪ್ಪಗ ಕಮ್ಮಿ ಮಾಡಬ್ಯಾಡ್ರಿ, ಬಾಲಕ್ಕ ಕಮ್ಮಿ ಮಾಡ್ರಿ," ಎಂದರು.

ಆರೆ, ಎರೆ, ಇರೆ ಎಂದು ಮೂರು ಮನೆತನ. ಪಾರ್ಲಾರೆ, ಪ್ರೆಂದೆರೆ, ದೋರ್ಮಿರೆ. ಮಾತಾಡೂದು, ತಗೊಳ್ಳೂದು, ಮಲಗೂದು. ಮೂರನೆಯ ಮನೆಯಲ್ಲಿ ಕಪೀರೆ ಎಂದು ಒಂದಿದೆ, ತಿಳಿಯುವುದು ಎಂದರ್ಥ. ಅದಕ್ಕೆ ಬಾಲ ಹಚ್ಚುವ ಮೊದಲು ನಡುವೆ ಒಂದು ಇಸ್ಕ್ ಬರುತ್ತದೆ. ಕಪಿಸ್ಕೊ. ಆದರೆ ನಾವು, ನೀವು ಬಂದಾಗ ಬರುವುದಿಲ್ಲ. ಕಪಿಯಾಮೊ, ಕಪೀತೆ. ನನಗೆ ರೇಗಿತು. ಯಾಕ್ರಿ ಹಿಂಗ ಎಂದೆ. "ಒಬ್ಬನಿಗಿ ತಿಳ್ಯೂದು ತ್ರಾಸು. ಕೂಡಿ ಕುಂತ್ರ ಸಲೀಸು," ಎಂದರು. ಅದು ಖರೆಯ ಕಾರಣ ಅಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೆ ಅಂದಿನಿಂದ ಆ ಪದದಲ್ಲಿ ನಾನು ತಪ್ಪಲಿಲ್ಲ.

ಕಾಲಗಳಿಗೆ ಅವರದೇ ಹೆಸರುಗಳು. ಪಾರ್ಲಾವೊ, ಮಾತಾಡ್ತಿದ್ದೆ, ಇದು ಮುದುಕರ ಬಾಲ. "ಅಲ್ಲಿ ಮುದುಕರು ಬರೇ ಇದರಾಗ ಮಾತಾಡ್ತಾರ. ದುಡೀತಿದ್ದೆ, ಕುಣೀತಿದ್ದೆ, ಗಂಡ ಇದ್ದ. ಇದು ತಿಳೀಲಿಲ್ಲಂದ್ರ ನಿಮ್ಮ ಪೇಶೆಂಟ್ ನಿಮ್ಮ ಕೈಯಾಗ ಒಬ್ಬಂಟಿ ಸಾಯ್ತಾರ." ಪಾರ್ಲೆರೋ, ಮುಂದೆ ಎಂದಾದರೊಮ್ಮೆ ಮಾತಾಡ್ತೇನಿ, ಅದು ನಾಳೆ ವೀಸಾ ನಾಳೆ ವೀಸಾ ಎನ್ನುವ ಏಜೆಂಟರ ಬಾಲ. ಪಾರ್ಲೆರೇಯಿ, ಹಂಗ ಆಗಿದ್ರ ಮಾತಾಡ್ತಿದ್ದೆ, ಅದು 'ಆಗಿದ್ರ' ಬಾಲ. ಅದನ್ನು ನಯವಾಗಿ ಕೇಳುವುದಕ್ಕೂ ಬಳಸುತ್ತಾರೆ. ಇನ್ನೊಂದು ಇತ್ತು, ಆಸೆ, ಅಂಜಿಕೆ, ಅನುಮಾನ ಬಂದಾಗ ಹಚ್ಚುವ ಬಾಲ. ಅದರಲ್ಲಿ ನಾನು, ನೀನು, ಅಂವ, ಮೂವರಿಗೂ ಪಾರ್ಲಿ ಎಂದೇ. ಅಂಜಿಕೆ ಹೊಕ್ಕರೆ ಎಲ್ಲರ ಬಾಲವೂ ಒಂದೇ ಎಂದರು ಅಕ್ಕೋರು.

ಪರೀಕ್ಷೆಗೆ ಸ್ವಲ್ಪ ದಿನ ಇದ್ದಾಗ ಹುಕುಂ ಪಾಠ ಶುರು ಮಾಡಿದರು. ಬೇರೆಯವರಿಗೆ ಅಪ್ಪಣೆ ಕೊಡುವ ಬಾಲ. "ಹುಕುಂನಾಗ ನಾ ಇಲ್ಲ. ನನಗ ನಾ ಹುಕುಂ ಕೊಡಾಕ ಬರಂಗಿಲ್ಲ," ಎಂದು ಕಡಗಂಚಿ ಹುಡುಗನನ್ನು ಸುಮ್ಮನೆ ಕೂಡಿಸಿದರು. ಪಾಪ, ಅವತ್ತೊಂದು ದಿನ ಅವನಿಗೆ ತನ್ನ ಬಗ್ಗೆ ಹೇಳಲು ಏನೂ ಇರಲಿಲ್ಲ. ಉಳಿದವರು ಒಬ್ಬರಿಗೊಬ್ಬರು ಹುಕುಂ ಕೊಡಬೇಕು, ಕೊಟ್ಟದ್ದನ್ನು ಎದುರಿನವರು ಎದ್ದು ಮಾಡಬೇಕು. ಬರೀ ಬಾಯಿಯಲ್ಲಿ ಹೇಳಿದರೆ ಅದು ಹುಕುಂ ಅಲ್ಲ, ಹಾಡು ಎನ್ನುತ್ತಿದ್ದರು. ನಾನು ಅಫಜಲಪುರದ ಒಬ್ಬಳಿಗೆ ಕಿಟಕಿ ತೆರೆ ಎಂದೆ, ತೆರೆದಳು. ಅವಳು ನನಗೆ ಮಲಗು ಎಂದಳು, ಮಲಗಿದೆ. ಸುಜಾತಾ ಸರದಿ ಬಂತು. ಅವಳ ಎದುರಿಗೆ ಶರಣು.

"ಪೋರ್ತಾ ಲಾಕ್ವಾ," ಎಂದಳು. ನೀರು ತಾ.

ತರ್ರಿ ಅಲ್ಲ. ತಾ. ಓರಗೆಯವರಿಗೆ ಆ ಭಾಷೆಯಲ್ಲಿ ಹಾಗೇ ಹೇಳುವುದು. ಶರಣು ಎದ್ದು ಕೆಳಗೆ ಹೋಗಿ, ಅವರ ಗೋದಾಮಿನ ಕೊಡದಿಂದ ಸ್ಟೀಲ್ ಲೋಟದಲ್ಲಿ ನೀರು ತಂದು ಅವಳ ಕೈಗೆ ಕೊಟ್ಟ. ಅವಳು ಕುಡಿದಳು. ಮುಂದಿನ ಸುತ್ತಿಗೆ ಹೋದೆವು. ನನಗೆ ಏನೂ ಅನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಎಲ್ಲರಿಗೂ ಅನಿಸಿತ್ತು. ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಗೋದಾಮಿನ ಮುನೀಮ ಬಾಗಿಲಲ್ಲಿ ನಿಂತು ನೋಡಿದ್ದ. ಖಾಲಿ ಲೋಟ ಇಸಿದುಕೊಳ್ಳಲು ಬಂದವನು ಅದನ್ನು ಮುಟ್ಟದೆ ಇಳಿದು ಹೋದ.

ಮುಂದಿನ ಆಯ್ತಾರ ರೂಮಿಗೆ ಬೀಗ. ಸಾವಕಾರರು ಮೆಟ್ಟಿಲ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಹಣೆ ತುಂಬ ವಿಭೂತಿ, ಹಿಂದೆ ಗೋಡೆಯ ಮೇಲೆ ಶರಣರ ಫೋಟೋ. ಕೆಟ್ಟ ಮನುಷ್ಯ ಅಲ್ಲ. ನನ್ನ ಗಾಡಿ ಕೆಟ್ಟಾಗ ತಾವೇ ನಿಂತು ತಳ್ಳಿಸಿದವರು. ಅಕ್ಕೋರಿಗೂ ಕುರ್ಚಿ ತರಿಸಿದರು. ಅಕ್ಕೋರು ಕೂಡಲಿಲ್ಲ.

"ಅಕ್ಕೋರ, ನಿಮ್ಮ ಪಾಠಕ್ಕ ನಂದೇನೂ ತಕರಾರಿಲ್ರಿ. ಆದ್ರ ಆ ಓಣಿ ಹುಡುಗಿ ನಮ್ಮ ಹುಡುಗಗ ನೀರ ತಾ ಅಂತ ಹುಕುಂ ಮಾಡೂದು, ಛಂದ ಕಾಣಂಗಿಲ್ರಿ."

"ಪಾಠನೇ ಅದು ಅದರಿ ಸಾವಕಾರ್ರ."

"ಮಾಡ್ಲಿ. ನಾ ಎಲ್ಲಿ ಬ್ಯಾಡ ಅಂದೆ? ತಾ ಅನ್ನೂದು ಬ್ಯಾಡ, ತರ್ರಿ ಅನ್ಲಿ. ಆ ಭಾಷಾದಾಗ ರಿ ಅದನೋ ಇಲ್ಲೋ?"

"ಬೇಷಕ್ ಅದ."

"ಮತ್ತೇನು. ರಿ ಹಚ್ಲಿ. ಕೀಲಿ ತಗೋರಿ."

ಕೀಲಿಯನ್ನು ಮುಂದೆ ಹಿಡಿದರು. ನಾನು ಮುಗಿಯಿತು ಎಂದುಕೊಂಡೆ. ಸುಜಾತಾ ಕೂಡ ಹಾಗೇ ಅಂದುಕೊಂಡಿರಬೇಕು, ಒಂದು ಮೆಟ್ಟಿಲು ಹತ್ತಿದ್ದಳು.

"ಹಚ್ತಾಳ," ಎಂದರು ಅಕ್ಕೋರು. "ನಿಮ್ಮ ಹುಡುಗನೂ ಅಕಿಗಿ ರಿ ಹಚ್ಲಿ."

"ಅಂವ ಯಾಕ ಹಚ್ತಾನ?"

"ಇಬ್ಬರೂ ಹಚ್ಲಿ, ಇಲ್ಲಾ ಇಬ್ಬರೂ ಬಿಡ್ಲಿ. ಎರಡರಾಗ ಯಾವುದು ಅಂತ ನೀವೇ ಹೇಳ್ರಿ. ಈಗ ಹೇಳಿದ್ರ ಈಗ ಪಾಠ ಚಾಲೂ."

ಸಾವಕಾರರು ಕೀಲಿ ಹಿಡಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು. "ಊರಾಗ ಹಂಗ ನಡ್ಯಂಗಿಲ್ರಿ ಅಕ್ಕೋರ. ನಿಮಗ ಗೊತ್ತಿಲ್ಲೇನು?"

"ಊರಾಗ ನಡ್ಯಂಗಿಲ್ಲ ಅಂತೇ ರೂಮ್ ಹಿಡ್ದಿದ್ದೆ."

ಅಷ್ಟು ಹೇಳಿ ತಿರುಗಿ ಮೆಟ್ಟಿಲಿಳಿದರು. ಮೊಣಕಾಲು ನೋವಿಗೆ ಒಂದೊಂದೇ ಮೆಟ್ಟಿಲು ಇಳಿಯಬೇಕಾಗಿತ್ತು, ಆದ್ದರಿಂದ ಸಿಟ್ಟಿನಿಂದ ಹೊರಟವರು ಹೋಗಲು ಬಹಳ ಹೊತ್ತು ಹಿಡಿಯಿತು. ಸಾವಕಾರರು ಅಷ್ಟು ಹೊತ್ತೂ ನೋಡುತ್ತ ಕೂತಿರಬೇಕಾಯಿತು. ಶರಣು ಅಪ್ಪನ ಕುರ್ಚಿಯ ಹಿಂದೆ ನಿಂತಿದ್ದ. ಇಳಿದು ಬರಲಿಲ್ಲ.

ಗಾಡಿಯಲ್ಲಿ ಕೂತ ಮೇಲೆ ಸುಜಾತಾ ಬಾಯಿ ಬಿಟ್ಟಳು. ಅಕ್ಕೋರಿಗೆ ಎದುರು ಮಾತಾಡಿದ್ದನ್ನು ನಾನು ಮೊದಲ ಬಾರಿ ಕೇಳಿದೆ.

"ಅಕ್ಕೋರ, ರಿ ಹಚ್ಚಿದ್ರ ನನ್ನ ನಾಲಿಗಿ ಸವ್ಯಂಗಿಲ್ರಿ. ಹುಟ್ಟಿದಾಗಿಂದ ಹಚ್ಕೋತೇ ಬಂದೇನಿ. ಪರೀಕ್ಷಾ ಹತ್ರ ಬಂತು. ನಂಗ ರೂಮ್ ಬೇಕು, ಬೋರ್ಡ್ ಬೇಕು. ಹಟ ನಿಮ್ದು, ವರ್ಷ ಹೋಗೂದು ನಂದು."

ನನಗೂ ಹಾಗೇ ಅನಿಸಿತ್ತು. ಈಗಲೂ ಅವಳು ಹೇಳಿದ್ದು ತಪ್ಪು ಎಂದು ನಾನು ಹೇಳುವುದಿಲ್ಲ. "ಅಕಿ ಖರೇನೇ ಹೇಳಾಕತ್ತಾಳ್ರಿ," ಎಂದೆ.

"ನೀ ಅವರು. ಸುಮ್ನ ಕೂಡು," ಎಂದರು ಅಕ್ಕೋರು ನನಗೆ. ಆಮೇಲೆ ಸುಜಾತಾಳ ಕಡೆ ತಿರುಗಿದರು. ಬಯ್ಯುತ್ತಾರೆ ಎಂದುಕೊಂಡೆ, ಬಯ್ಯಲಿಲ್ಲ.

"ಅಲ್ಲಿ ಒಂದ ಮನ್ಯಾಗ ಒಬ್ಬಾಕಿ ಮುದುಕಿನ್ನ ನೋಡ್ಕೋತಿದ್ದೆ. ಅಕಿ ಮಗ ನನ್ನ ವಯಸ್ಸಿನಂವ. ನಂಗ ನೀ ಅಂತಿದ್ದ. ತೊಳಿ, ತಾ, ತೆಗಿ. ನಾ ಅಂವಗ ನೀವು ಅಂತಿದ್ದೆ. ತೊಳೀತೇನ್ರಿ, ತರ್ತೇನ್ರಿ, ತೆಗೀತೇನ್ರಿ. ವರ್ಷಗಟ್ಲೆ. ನನ್ನ ವ್ಯಾಕರಣದಾಗ ಒಂದ ತಪ್ಪ ಇರ್ಲಿಲ್ಲ, ಸುಜಾತಾ. ಎಲ್ಲರೂ ಹೊಗಳ್ತಿದ್ರು. ಒಂದಿನ ಮನೀಗಿ ಮಂದಿ ಬಂದಿದ್ರು, ಅವರ ಮುಂದ ಕಿಟಕಿ ತೆಗಿ ಅಂದ. ಅಂವಾ ಕಿಟಕಿ ಬಾಜೂನ ಕುಂತಿದ್ದ. ನಾ ಮುದುಕಿಗಿ ಉಣಸಾಕತ್ತಿದ್ದೆ. ನೀನೇ ತೆಗಿ ಅಂದೆ."

"ಮುಂದ?" ಎಂದೆ ನಾನು, ಸುಮ್ಮನೆ ಕೂಡಲು ಆಗದೆ.

"ಕೆಲಸ ಹೋತು."

"ಆಮ್ಯಾಲ್ರಿ?"

"ಆಮ್ಯಾಲೇನು. ಮತ್ತೊಂದು ಸಿಕ್ತು. ಅಲ್ಲಿ ಹೊಕ್ಕ ದಿನಾನೇ ಹೇಳ್ದೆ, ನೀವು ಅಂದ್ರ ನೀವು, ನೀ ಅಂದ್ರ ನೀ." ಸುಜಾತಾಳ ಮುಖ ನೋಡಿ ಮುಂದುವರಿಸಿದರು. "ಅಷ್ಟು ವರ್ಷ ಯಾಕ ಬಾಯಿ ಬಿಡ್ಲಿಲ್ಲ ಹೇಳು? ಇಜೇರಿಯಿಂದ ಹೋಗೂಮುಂದ ಈ ರಿ ಗಂಟ ಕಟ್ಕೊಂಡ ಹೋಗಿದ್ದೆ. ವಿಮಾನ ಹತ್ತೂಮುಂದ ಸಾಮಾನೆಲ್ಲಾ ತೆಗ್ದ ನೋಡಿದ್ರು. ಅದನ್ನ ಯಾರೂ ತೆಗ್ದ ಇಡ್ಸಲಿಲ್ಲ. ನೀನೂ ಹೋಗ್ತಿ. ಅಲ್ಲಿ ನಾ ಇರಂಗಿಲ್ಲ. ಕೀಲಿ ಬೇಕಂದ್ರ ಹೋಗಿ ಇಸ್ಕೋ, ಸಾವಕಾರ ನಿಂಗ ಕೊಡ್ತಾನ, ಕೆಟ್ಟಂವ ಅಲ್ಲ ಅಂವ. ಪಾಠ ಬರ್ದ ಕೊಟ್ಟ ಕಳಸ್ತೇನಿ. ಆದ್ರ ಆ ರೂಮಿನ್ಯಾಗ ಕುಂತು ಅಂವ ಹೇಳ್ದಂಗ ನಾ ಕಲ್ಸಂಗಿಲ್ಲ. ನಾ ಬಸ್ ಸ್ಟ್ಯಾಂಡಿನ್ಯಾಗ ಕುಂತು ಕಲಸ್ತೇನಿ."

ಸುಜಾತಾ ಗಾಡಿಯಿಂದ ಇಳಿದಳು. ಗೋದಾಮಿನ ಕಡೆ ನಡೆದಳು. ಅರ್ಧ ದಾರಿಗೆ ನಿಂತಳು. ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ. ಅಕ್ಕೋರು ನೋಡಲಿಲ್ಲ, ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತಿದ್ದರು. ಸುಜಾತಾ ಅಲ್ಲಿ ನಿಂತು ಏನು ಯೋಚನೆ ಮಾಡಿದಳೋ ನನಗೆ ಗೊತ್ತಿಲ್ಲ, ಅವಳೂ ಯಾವತ್ತೂ ಹೇಳಲಿಲ್ಲ. ವಾಪಸ್ ಬಂದು ಗಾಡಿಯ ಸರಳು ಹಿಡಿದು ಕೇಳಿದಳು.

"ಬಸ್ ಸ್ಟ್ಯಾಂಡಿನ್ಯಾಗ ಫ್ಯಾನ್ ಅದಾವೇನ್ರಿ?"

"ಅದಾವ," ಎಂದರು ಅಕ್ಕೋರು. "ತಿರಗಂಗಿಲ್ಲ."

ಅಲ್ಲಿಂದ ಮುಂದೆ ಪಾಠ ಬಸ್ ಸ್ಟ್ಯಾಂಡಿನಲ್ಲಿ. ಅಫಜಲಪುರದ ಬಸ್ಸು ನಿಲ್ಲುವ ಕಡೆ ಸಿಮೆಂಟಿನ ಕಟ್ಟೆ ಇದೆ, ಅದರ ಮುಂದಿನ ನೆಲದ ಮೇಲೆ ದುಂಡಗೆ ಕೂಡುತ್ತಿದ್ದೆವು. ಬಸ್ಸಿನ ಹಾರ್ನು, ಕಂಡಕ್ಟರನ ಸೀಟಿ, ಹೊಗೆ. ಅದರ ಮೇಲೆ ನಮ್ಮ ಪಾರ್ಲೊ, ಪಾರ್ಲಿ. ಮಂದಿ ಸುತ್ತ ಕೂಡುತ್ತಿದ್ದರು. ಒಬ್ಬ ಮುದುಕಿ ಕೇಳಿದಳು, "ಏನ್ ಮಂತ್ರ ಹೇಳಾಕತ್ತೀರಿ ಬೇ ಯವ್ವಾ?"

"ನಿಮ್ಮ ಬಸ್ ಜಲ್ದಿ ಬರ್ಲಿ ಅಂತ," ಎಂದರು ಅಕ್ಕೋರು.

"ಜೋರ್ ಹೇಳ್ರಿ ಹಂಗಾದ್ರ," ಎಂದಳು ಅವಳು.

ಶರಣು ಬಿಟ್ಟಿದ್ದರಿಂದ 'ನೀನು' ಜಾಗ ಖಾಲಿ. ಅಕ್ಕೋರು ಅದನ್ನು ಮುಚ್ಚಲಿಲ್ಲ. ಬಸ್ಸು ಕಾಯುವವರು ಯಾರಾದರೂ ಆ ಜಾಗದಲ್ಲಿ ಕೂತರೆ ಮುಗಿಯಿತು, ಹುಕುಂ ಶುರು. ಶೇಂಗಾ ಮಾರುವವನೊಬ್ಬ ಎರಡು ಆಯ್ತಾರ ಅಲ್ಲಿ ಕೂತು, ಪ್ರೆಂದೆತೆ, ಪ್ರೆಂದೆತೆ ಎಂದು ಕೂಗುತ್ತ ಬಸ್ಸು ಹತ್ತಿ ಶೇಂಗಾ ಮಾರಲು ಕಲಿತ. ಬಹಳ ಮಂದಿಗೆ ಕೂಡಿ ತಗೋರಿ ಎನ್ನುವುದು. ವ್ಯಾಪಾರ ಜಾಸ್ತಿ ಆಯಿತು ಎಂದ. ಬೈಕಿನ ಮೇಲೆ ಬರುವ ಹುಡುಗರು ಸುಜಾತಾಗೆ, "ಏನ್ ಮೇಡಂ, ರೂಮ್ ಬಿಟ್ಟು ರೋಡಿಗಿ ಬಂದ್ರಿ," ಎಂದು ಚುಡಾಯಿಸುತ್ತಿದ್ದರು. ಅವರಲ್ಲಿ ಒಬ್ಬ ಮೊಬೈಲ್ ತೆಗೆದು ವಿಡಿಯೋ ಮಾಡಲು ಬಂದ. ಅಕ್ಕೋರು ಎದ್ದು ಅವನ ಮುಂದೆ ಹೋಗಿ, "ಕೂಡು, ನಿನಗೂ ಒಂದು ಬಾಲ ಹಚ್ತೇನಿ," ಎಂದರು. ಅವನು ಹೋದ.

ಒಂದು ಆಯ್ತಾರ ಶರಣು ಬಂದು ಆಚೆ ಕಂಬಕ್ಕೆ ಒರಗಿ ನಿಂತ. ಅವನ ತುಟಿ ಅಲ್ಲಾಡುತ್ತಿತ್ತು, ಸುತ್ತು ಬಂದಾಗ ತನ್ನ ಬಾಲ ತಾನು ಹೇಳಿಕೊಳ್ಳುತ್ತಿದ್ದ. ಅಕ್ಕೋರು ಕರೆಯಲಿಲ್ಲ. ನಾನು ಕರೆಯಲು ಹೋದರೆ ಕಣ್ಣು ಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಅವನೇ ಬಂದು, ಶೇಂಗಾದವನನ್ನು ಸರಿಸಿ ಕೂತ.

"ಹುಕುಂ ನಡದದ. ನೀ ಚಾಲೂ ಮಾಡು," ಎಂದರು ಅಕ್ಕೋರು, ಅವನು ಯಾವತ್ತೂ ಬಿಟ್ಟೇ ಇರಲಿಲ್ಲ ಎಂಬ ಹಾಗೆ.

ಅವನು ಸುಜಾತಾಳ ಕಡೆ ನೋಡಿದ. ಅವಳು ಬೇರೆ ಕಡೆ ನೋಡುತ್ತಿದ್ದಳು. ಅವನ ಓಣಿಯವರು ಇಬ್ಬರು ಕಟ್ಟೆಯ ಮೇಲೆ ಕೂತಿದ್ದರು, ಅವರು ಅವನನ್ನೇ ನೋಡುತ್ತಿದ್ದರು.

"ಪೋರ್ತಿ ಲಾಕ್ವಾ," ಎಂದ.

ನೀರು ತರ್ರಿ. ಸಾವಕಾರರ ಮಗ ಆ ಓಣಿಯ ಹುಡುಗಿಗೆ ರಿ ಹಚ್ಚಿದ. ಸುಜಾತಾ ಎದ್ದು ನಳಕ್ಕೆ ಹೋಗಿ ತನ್ನ ಬಾಟಲಿ ತುಂಬಿಕೊಂಡು ಬಂದು, "ಪ್ರೆಂದಾ," ಎಂದಳು. ಒಬ್ಬರಿಗೇ ಮರ್ಯಾದೆ ಕೊಟ್ಟು ತಗೋರಿ ಎನ್ನುವುದು. ಅವನು ಬಾಟಲಿಗೆ ಬಾಯಿ ಹಚ್ಚಿ ಕುಡಿದ. ಮೇಲೆತ್ತಿ ಕುಡಿಯಲಿಲ್ಲ. ಕಟ್ಟೆಯ ಮೇಲಿದ್ದ ಇಬ್ಬರೂ ಎದ್ದು ಹೋದರು. ಅವರ ಬಸ್ಸು ಇನ್ನೂ ಬಂದಿರಲಿಲ್ಲ.

"ಇಬ್ಬರದೂ ಬರೋಬ್ಬರಿ ಅದ," ಎಂದರು ಅಕ್ಕೋರು. "ಆದ್ರ ಓರಗಿಯವರು ಅಲ್ಲಿ ಹಿಂಗ ಅನ್ನಂಗಿಲ್ಲ. ನೀ ಹಚ್ಚಿ ಮತ್ತೊಮ್ಮಿ ಹೇಳ್ರಿ."

ಹೇಳಿದರು. ಅವತ್ತು ವಾಪಸ್ ಹೋಗುವಾಗ ಶರಣುಗೆ ಮನೆಯಲ್ಲಿ ಏನೆನ್ನುತ್ತಾರೆ ಎಂದು ಕೇಳಿದೆ. "ಅಪ್ಪ ಮಾತ ಬಿಡ್ತಾನ," ಎಂದ. ಮರು ಆಯ್ತಾರ ಕೇಳಿದೆ. "ಬಿಟ್ಟಾನ. ಆರಾಮ್ ಅದ," ಎಂದ.

ಸುಜಾತಾ ಪಾಸಾದಳು, ಈಗ ಇಟಲಿಯ ಒಂದು ಆಸ್ಪತ್ರೆಯಲ್ಲಿದ್ದಾಳೆ, ಇದು ಜೇವರ್ಗಿಯಲ್ಲಿ ಎಲ್ಲರಿಗೂ ಗೊತ್ತು. ಪಾಸಾದ ಕಾಗದ ಬಂದ ಮೇಲೆ ಮಂದಿ ಅಕ್ಕೋರಿಗೆ ಶಾಲು ಹೊದಿಸಲು ಬಂದರು. ಬೇಸಿಗೆ ಅದ ಎಂದು ವಾಪಸ್ ಕಳಿಸಿದರು. ಅವರಿಗೆ ಆ ಕಾಗದ ದೊಡ್ಡದಾಗಿರಲಿಲ್ಲ. ಯಾಕೆ ಎಂದು ನನಗೆ ಗೊತ್ತು, ಪರೀಕ್ಷೆಯ ದಿನ ಸುಜಾತಾ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ.

ಅವಳು ಪರೀಕ್ಷೆಗೆ ದೂರದ ಶಹರಕ್ಕೆ ಒಬ್ಬಳೇ ಹೋಗಿದ್ದಳು. ನಾನು ಅಕ್ಕೋರನ್ನು ಗುಳಿಗೆ ಅಂಗಡಿಗೆ ಕರೆದುಕೊಂಡು ಹೊರಟಿದ್ದೆ. ಫೋನ್ ಬಂತು. ಗಾಡಿ ಬದಿಗೆ ಹಾಕಿಸಿದರು, ಸ್ಪೀಕರ್ ಹಾಕಿದರು.

"ಬರ್ಯೂದು ಆತ್ರಿ. ಮಾತಾಡೂದೂ ಆತು," ಎಂದಳು ಸುಜಾತಾ. "ಅಕ್ಕೋರ, ಒಂದು ಮಾಡ್ಕೊಂಡ ಬಂದೇನಿ. ಬಯ್ಯಬ್ಯಾಡ್ರಿ."

"ಹೇಳು."

"ಪರೀಕ್ಷಾ ತಗೊಳ್ಳಾಕಿ ಆ ದೇಶದಾಕೀನೇ ಇದ್ಳು. ಇಬ್ಬಿಬ್ಬರನ್ನ ಕೂಡ್ಸಿ ಮಾತಾಡ್ಸಾಕತ್ತಿದ್ಳು. ನನ್ನ ಬಾಜು ಒಬ್ಬಂವ ಡಾಕ್ಟರ್ ಹುಡುಗ, ನನ್ನ ವಯಸ್ಸಿನಂವ. ಅಂವಗ ನೀವು ಅಂದ್ಳು. ನನ್ನ ಕಡೀಗಿ ತಿರಗಿ ನೀ ಅಂದ್ಳು. ಒಂದ ಸಲ ಬಿಟ್ಟೆ. ಎರಡನೇ ಸಲಾನೂ ಅಂದ್ಳು."

"ನೀ ಏನ್ ಮಾಡ್ದಿ?"

"ಮೇಡಂ, ಅವರಿಗಿ ಮಾತಾಡ್ಸಿದಂಗ ನನಗೂ ಮಾತಾಡ್ಸ್ತೀರೇನು, ಇಲ್ಲಾ ನಾನೂ ನಿಮಗ ನೀ ಅನ್ನಲೇನು ಅಂತ ಕೇಳ್ದೆ."

ವರ್ಷ ಹೋಯಿತು ಎಂದುಕೊಂಡೆ. ಅಕ್ಕೋರು ಫೋನನ್ನು ಎರಡು ಕೈಯಲ್ಲಿ ಹಿಡಿದುಕೊಂಡರು.

"ಯಾವ ಬಾಲ ಹಚ್ಚಿ ಕೇಳ್ದಿ?"

"ಆಗಿದ್ರ-ದು ಹಚ್ಚಿದೆ. ಪಾರ್ಲೆರೆಬ್ಬೆ ಅಂದೆ."

"ಬರೋಬ್ಬರಿ. ಅಕಿ ಏನಂದ್ಳು?"

"ಆಮ್ಯಾಲ ಮುಗಿಯೂತನಕ ನೀವು ಅಂತೇ ಮಾತಾಡ್ಸಿದ್ಳು. ಎದ್ದು ಬರೂಮುಂದ ಬಾಗ್ಲು ಅಕೀನೇ ತೆಗದ್ಳು."

ನನಗೆ ತಡೆಯಲಾಗಲಿಲ್ಲ. "ರಿಸಲ್ಟ್ ಯಾವಾಗ ಬರ್ತದಂತ ಕೇಳ್ರಿ ಅಕ್ಕೋರ," ಎಂದೆ.

ಅವರು ಫೋನ್ ಕಟ್ ಮಾಡಿ ಚೀಲದಲ್ಲಿ ಹಾಕಿಕೊಂಡರು. "ಬಂತಲ್ಲಲೇ ಈಗ," ಎಂದರು.